ಒಲೆ ಬಚ್ಚಿಟ್ಟ ಬಂಗಲೆ

ಮನೆಯೆದುರು ಮರ ಅಡ್ಡ ಬಂದರೆ ಕಡಿಸುವವರನ್ನು ನಾವು ಕಂಡಿದ್ದೇವೆ. ಲೈಟು ಕಂಬ ಅಡ್ಡ ಬಂದರೆ ಲೈನ್‌ಮನ್ ಕೈ ಬಿಸಿ ಮಾಡಿ ಅದನ್ನು ಪಕ್ಕದವರ ಗೇಟಿನ ಮುಂದಕ್ಕೆ ಸಾಗಿಸುವವರನ್ನೂ ಕಂಡಿದ್ದೇವೆ. ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯ ಸರ್ ನಥಾನಿಯಲ್ ಕರ್ಜನ್ನನಿಗೆ ಅಡ್ಡ ಬಂದದ್ದು ಒಂದು ಇಡೀ ಊರು. 1758ರಲ್ಲಿ ಅಪ್ಪನ ಆಸ್ತಿ ಕೈಗೆ ಬಂದಾಗ ಕೆಡಲ್‌ಸ್ಟನ್‌ನಲ್ಲಿ ಕೆಂಪಿಟ್ಟಿಗೆಯ ಮನೆಯಿತ್ತು, ಮನೆಯ ಮಗ್ಗುಲಲ್ಲೇ ಊರಿತ್ತು, ಪಕ್ಕದಲ್ಲೇ ಜನ ಓಡಾಡುವ ಹೆದ್ದಾರಿಯಿತ್ತು. ಇವನು ಊರನ್ನು ಎತ್ತಿಸಿ ಕಣ್ಣಿಗೆ ಬೀಳದ ಕಡೆ ಇಡಿಸಿದ. ರಸ್ತೆಯನ್ನು ದೂರಕ್ಕೆ ತಿರುಗಿಸಿದ. ಅಜ್ಜನ ಕಾಲದ ಮನೆಗೆ ಆಗಿನ್ನೂ ಅರವತ್ತರ ಆಸುಪಾಸು, ಗೋಡೆ ಗಟ್ಟಿಯಾಗಿಯೇ ಇತ್ತು, ಅದನ್ನೂ ಕೆಡವಿಸಿದ. ಉಳಿದದ್ದು ಚರ್ಚು ಒಂದೇ. ಅದರೊಳಗೆ ಕರ್ಜನ್ ಮನೆತನದವರ ಗೋರಿಗಳಿದ್ದವು. ಬದುಕಿದ್ದವರು ಜಾಗ ಖಾಲಿ ಮಾಡಿದರು, ಸತ್ತವರು ಜಾಗದಲ್ಲೇ ಉಳಿದರು. ಸತ್ತವರು ಬಟ್ಟೆ ಒಣಹಾಕುವುದಿಲ್ಲ, ಹಂದಿ ಸಾಕುವುದಿಲ್ಲ, ಕಿಟಕಿಯ ನೋಟ ಕೆಡಿಸುವುದಿಲ್ಲ.

ನಮ್ಮ ವಾಸ್ತು ಪಂಡಿತರ ಧೈರ್ಯ ಇಷ್ಟು ದೂರ ಹೋಗುವುದಿಲ್ಲ. ಸಂಪು ಸರಿಸಿ, ಬಾಗಿಲು ಮುಚ್ಚಿಸಿ, ಹೆಚ್ಚೆಂದರೆ ಬಚ್ಚಲನ್ನು ಒಡೆಸಿ ದಕ್ಷಿಣೆ ತೆಗೆದುಕೊಂಡು ಹೊರಡುತ್ತಾರೆ. ಈಶಾನ್ಯದಲ್ಲಿ ಊರಿದ್ದರೆ ಒಕ್ಕಲೆಬ್ಬಿಸಿ ಎಂದು ಹೇಳುವ ಶಾಸ್ತ್ರ ಅವರ ಬಳಿ ಇಲ್ಲ.

ಇಷ್ಟೆಲ್ಲ ಏಕೆಂದರೆ ಅದೇ ಜಿಲ್ಲೆಯಲ್ಲಿ ಚಾಟ್ಸ್‌ವರ್ತ್ ಇತ್ತು. ಡೆವನ್‌ಶೈರ್‌ನ ಡ್ಯೂಕನ ಅರಮನೆ ಅದು. ಡ್ಯೂಕ್ ವಿಗ್ ಪಕ್ಷ, ಕರ್ಜನ್ ಟೋರಿ ಪಕ್ಷ. ಅಲ್ಲಿನ ರಾಜಕೀಯದಲ್ಲಿ ಎದುರಾಳಿಯನ್ನು ಭಾಷಣದಲ್ಲಿ ಸೋಲಿಸುವುದಕ್ಕಿಂತ ಕಂಬದ ಎತ್ತರದಲ್ಲಿ ಸೋಲಿಸುವುದು ಮೇಲು. ಮೊದಲು ಮ್ಯಾಥ್ಯೂ ಬ್ರೆಟಿಂಗ್‌ಹ್ಯಾಮ್ ಎಂಬ ವಾಸ್ತುಶಿಲ್ಪಿ ನಕ್ಷೆ ಬರೆದ. ಅವನ ಜಾಗಕ್ಕೆ ಜೇಮ್ಸ್ ಪೇನ್ ಬಂದ. ಈ ನಡುವೆ ಇಟಲಿಯಿಂದ ಆಗಷ್ಟೇ ಮರಳಿದ್ದ ರಾಬರ್ಟ್ ಆಡಮ್ ಎಂಬ ಮೂವತ್ತರ ಸ್ಕಾಟಿಷ್ ತರುಣ ಕಾಣಿಸಿಕೊಂಡ. ಅವನಿಗೆ ವಹಿಸಿದ್ದು ಉದ್ಯಾನ ಮಾತ್ರ. ತೋಟಕ್ಕೆ ಬಂದವನು ತೊಲೆಗೆ ಕೈಹಾಕಿದ. 1760ರ ಹೊತ್ತಿಗೆ ಮನೆಯೇ ಅವನದಾಯಿತು. ಮನೆ ಕಟ್ಟಿಸುವವನು ಮೇಸ್ತ್ರಿ ಬದಲಿಸುವುದು ನಮ್ಮಲ್ಲೂ ಉಂಟು. ಆದರೆ ನಮ್ಮಲ್ಲಿ ಹಳೆಯ ಮೇಸ್ತ್ರಿ ಬೀದಿಯಲ್ಲಿ ನಿಂತು ಬಯ್ಯುತ್ತಾನೆ, ಅಲ್ಲಿ ಅವನ ಹೆಸರು ಕಲಾ ಇತಿಹಾಸದ ಅಡಿಟಿಪ್ಪಣಿಗೆ ಇಳಿಯುತ್ತದೆ.

ಈ ಮನೆಗೆ ಮುಖ ಎರಡು. ಉತ್ತರಕ್ಕೆ ಆರು ಭಾರಿ ಕಂಬಗಳ ಮುಖಮಂಟಪ. ಬಂದವನು ಗಾಡಿಯಿಂದಿಳಿದು ಕತ್ತೆತ್ತಿ ನೋಡಿ ತಾನೆಷ್ಟು ಗಿಡ್ಡ ಎಂದು ಮನದಟ್ಟು ಮಾಡಿಕೊಳ್ಳಲಿಕ್ಕೆ ಅದು. ದಕ್ಷಿಣದ್ದು ಆಡಮ್‌ನ ಕೈಚಳಕ. ರೋಮಿನಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯ ವಿಜಯಕಮಾನು ಇದೆಯಲ್ಲ, ಅದನ್ನೇ ತಂದು ಹಿಂಗೋಡೆಗೆ ಮೆತ್ತಿದ. ಕಾನ್‌ಸ್ಟಂಟೈನ್ ಕ್ರಿ.ಶ. 312ರಲ್ಲಿ ಮಿಲ್ವಿಯನ್ ಸೇತುವೆಯ ಬಳಿ ಎದುರಾಳಿಯನ್ನು ಮುಗಿಸಿ ಪಟ್ಟ ಗಟ್ಟಿ ಮಾಡಿಕೊಂಡವನು, ಕಮಾನಿಗೆ ಅರ್ಥವಿತ್ತು. ನಥಾನಿಯಲ್ ಗೆದ್ದ ಯುದ್ಧ ಯಾವುದು? ಲೆಕ್ಕ ಹಾಕಿದರೆ ಸಿಗುವುದು ಒಂದೇ: ಕೆಡಲ್‌ಸ್ಟನ್ ಊರಿನ ಮೇಲಿನ ದಿಗ್ವಿಜಯ. ಅದರಲ್ಲೂ ಶತ್ರುಗಳು ಗೇಣಿದಾರರು, ಎದುರು ನಿಂತು ಬಡಿದಾಡುವ ಪೈಕಿಯಲ್ಲ.

ಇಲ್ಲೊಂದು ಮಜವಿದೆ. ಕಾನ್‌ಸ್ಟಂಟೈನನ ಮೂಲ ಕಮಾನೇ ಎರವಲಿನದು. ಟ್ರೇಜನ್, ಹೇಡ್ರಿಯನ್, ಮಾರ್ಕಸ್ ಅರೇಲಿಯಸ್ ಕಾಲದ ಸ್ಮಾರಕಗಳಿಂದ ಕೆತ್ತನೆಗಳನ್ನು ಕಿತ್ತು ತಂದು ಅದಕ್ಕೆ ಕೂರಿಸಿದ್ದರು. ಹಳೆಯ ಅರಸರ ಮುಖಗಳನ್ನು ಹೊಸ ಅರಸನ ಮುಖಕ್ಕೆ ಹೊಂದುವಂತೆ ತಿದ್ದಿದ್ದರು. ಅಂದರೆ ಡರ್ಬಿಶೈರ್‌ನ ಜಮೀನ್ದಾರ ನಕಲು ಮಾಡಿದ್ದು, ಕಿತ್ತು ತಂದ ಮಾಲಿನಿಂದ ಮೈ ಮುಚ್ಚಿಕೊಂಡ ಕಟ್ಟಡವನ್ನು. ಈ ನಕಲಿಗೂ ಒಂದು ನಕಲು ಹುಟ್ಟಿತು, ಅದು ನಮ್ಮ ಕಡೆಯೇ. ಅಲ್ಲಿಗೆ ಬರೋಣ, ಮೊದಲು ಒಳಗೆ ಹೋಗಿ ಬರೋಣ.

ಒಳಗೆ ಕಾಲಿಟ್ಟರೆ ಮಾರ್ಬಲ್ ಹಾಲ್. ಗೋಡೆಗೆ ಕಿಟಕಿಯೇ ಇಲ್ಲ, ಬೆಳಕೆಲ್ಲ ಮೇಲಿನಿಂದ. ಎರಡೂ ಕಡೆ ಇಪ್ಪತ್ತೈದು ಅಡಿ ಎತ್ತರದ ಇಪ್ಪತ್ತು ಕಂಬಗಳು, ಹಾಲಿನಲ್ಲಿ ಕೇಸರಿ ಕದಡಿದ ಬಣ್ಣದ ಅಲಬಾಸ್ಟರ್ ಕಲ್ಲು. ಮೊದಲು ನುಣ್ಣಗೆ ನಿಲ್ಲಿಸಿದ್ದರು. ಕೆಲವು ವರ್ಷ ಕಳೆದ ಮೇಲೆ ಯಜಮಾನನಿಗೆ ನುಣುಪು ಸಾಲದೆನಿಸಿ, ನಿಂತ ಕಂಬಗಳ ಮೈಗೆ ನಿಂತಲ್ಲೇ ಉದ್ದುದ್ದ ಗೀರು ಕೊರೆಸಿದ. ಆ ಹಾಲ್ ದಾಟಿದರೆ ಸಲೂನ್. ಇದು ಕ್ಷೌರದ್ದಲ್ಲ, ದುಂಡನೆಯ ದಿವಾನಖಾನೆ. ರೋಮಿನ ಪ್ಯಾಂಥಿಯನ್ ದೇಗುಲದ ಮಾದರಿ, ಗುಮ್ಮಟದ ತುದಿಯ ಗಾಜಿನವರೆಗೆ 62 ಅಡಿ. ಅಲ್ಲಿ ಕುಳಿತು ಏನು ಮಾಡಬೇಕು ಎಂಬುದನ್ನು ಆಡಮ್ ಯಾವ ನಕ್ಷೆಯಲ್ಲೂ ಬರೆದಂತಿಲ್ಲ.

ಪ್ಯಾಂಥಿಯನ್ ಇರುವುದು ಇಟಲಿಯ ಬಿಸಿಲಲ್ಲಿ. ಡರ್ಬಿಶೈರ್‌ನಲ್ಲಿ ಬಿಸಿಲೆಂದರೆ ಹಬ್ಬಕ್ಕೊಮ್ಮೆ ಬರುವ ಬೀಗರು. ಅರವತ್ತು ಅಡಿಯ ಗುಮ್ಮಟದ ಕೆಳಗೆ ಜನವರಿಯಲ್ಲಿ ನಿಂತರೆ ಹಲ್ಲು ಕಟಕಟ ಎನ್ನದೆ ಇರದು. ಒಲೆ ಬೇಕೇ ಬೇಕು. ಆದರೆ ರೋಮಿನ ದೇಗುಲದೊಳಗೆ ಕಬ್ಬಿಣದ ಒಲೆ ಕಂಡರೆ ಮರ್ಯಾದೆ ಏನಾಗಬೇಕು? ಆಡಮ್ ಉಪಾಯ ಮಾಡಿದ. ಗೋಡೆಯ ಗೂಡುಗಳಲ್ಲಿ ರೋಮನ್ ಬಲಿಪೀಠದಂಥ ಕಟ್ಟೆ, ಕಟ್ಟೆಯ ಮೇಲೆ ಕಲಶ. ನೋಡಿದವರಿಗೆ ಪುರಾತನ ವಿಗ್ರಹಶಿಲ್ಪ. ಒಳಗಿರುವುದು ಎರಕದ ಒಲೆ.

ಈ ಮನೆಯ ಇಡೀ ವಿದ್ಯೆ ಆ ಕಲಶದಲ್ಲಿದೆ ಎಂದು ನನಗನ್ನಿಸುತ್ತದೆ. ಕಲಾವಿಮರ್ಶಕರು ಅನುಪಾತ, ಸಮತೋಲ, ಚಲನೆ ಎಂದೆಲ್ಲ ಬರೆಯುತ್ತಾರೆ, ಬರೆಯಲಿ. ಆ ಕಾಲದ ಇಂಗ್ಲಿಷ್ ದೊಡ್ಡಮನೆಯ ನಿಜವಾದ ಕಸುಬು ಬಚ್ಚಿಡುವುದು. ಶಾಖ ಬೇಕು, ಒಲೆ ಕಾಣಬಾರದು. ಹುಲ್ಲುಗಾವಲಲ್ಲಿ ದನ ಮೇಯುವ ಚಂದ ಬೇಕು, ಬೇಲಿ ಕಾಣಬಾರದು. ಅದಕ್ಕೇ ಕಿಟಕಿಯಿಂದ ನೋಡಿದವರ ಕಣ್ಣಿಗೆ ಬೀಳದಂತೆ ನೆಲದೊಳಗೆ ತಗ್ಗು ತೋಡಿ, ಒಂದು ಬದಿಗೆ ಗೋಡೆ ಕಟ್ಟುತ್ತಿದ್ದರು. ದನವೂ ದೊರೆಯೂ ಒಂದೇ ಬಯಲಿನಲ್ಲಿ ಇದ್ದಂತೆ ತೋರಬೇಕು, ದನ ಮಾತ್ರ ಆಚೆಯೇ ಇರಬೇಕು. ಹಳ್ಳಕ್ಕೆ ಅಡ್ಡಗಟ್ಟೆ ಹಾಕಿ ಕೆರೆ ಮಾಡಿದರೆ ಕಟ್ಟೆ ಕಾಣಬಾರದು, ಕೆರೆ ದೇವರೇ ಇಟ್ಟಂತಿರಬೇಕು. ಗೇಣಿ ಬರಬೇಕು, ಗೇಣಿ ಕೊಡುವವನು ಕಾಣಬಾರದು.

ಅಡುಗೆಮನೆಯ ಕತೆಯೂ ಇದೇ. ನಡುವಿನ ಮುಖ್ಯ ಕಟ್ಟಡಕ್ಕೆ ನಾಲ್ಕು ಮೂಲೆಗಳಲ್ಲಿ ನಾಲ್ಕು ರೆಕ್ಕೆಮನೆ, ಒಂದೊಂದಕ್ಕೂ ಬಿಲ್ಲಿನಂತೆ ಬಾಗಿದ ಓಣಿ ಎಂಬುದು ಯೋಜನೆ. ಕಟ್ಟಲಾದದ್ದು ಎರಡೇ. ಈಶಾನ್ಯದ ರೆಕ್ಕೆಯಲ್ಲಿ ಸಂಸಾರ, ವಾಯವ್ಯದ ರೆಕ್ಕೆಯಲ್ಲಿ ಅಡುಗೆ. ಆಗ್ನೇಯ ಸಿಗದಿದ್ದರೆ ವಾಯವ್ಯವಾದರೂ ಆದೀತು ಎನ್ನುವ ನಮ್ಮ ಪಂಡಿತರು ಇಲ್ಲಿ ತಲೆದೂಗಬಹುದು. ನಡುಮನೆಯಲ್ಲಿ ಯಾರೂ ವಾಸಿಸುವಂತಿಲ್ಲ, ಅದು ತೋರಿಸಲಿಕ್ಕೆ ಮಾತ್ರ. ತಾಳೆಮರದ ಆಕಾರದಲ್ಲಿ ಕೆತ್ತಿದ ಕಂಬಗಳ ಮಂಚವಿದೆ, ಮನೆಯವರು ಮಲಗುವುದು ಬೇರೆ ಕಡೆ. ಜಲಕನ್ಯೆಯರು ಹೊತ್ತು ನಿಂತ ಚಿನ್ನದ ಬಣ್ಣದ ಸೋಫಾಗಳಿವೆ, ಮನೆಯವರು ಕಾಲು ಚಾಚುವುದು ಬೇರೆ ಕಡೆ. ಹಾಲ್‌ನಲ್ಲಿ ಸೋಫಾಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿ, ನೆಂಟರು ಬಂದಾಗ ಮಾತ್ರ ತೆಗೆಯುವ ನಮ್ಮ ಗೃಹಿಣಿಯರ ತತ್ತ್ವವನ್ನೇ ಅಲ್ಲಿ ಕಲ್ಲಿನಲ್ಲಿ ಕಟ್ಟಿದ್ದಾರೆ. ಅಡುಗೆಮನೆಯ ಒಲೆಯ ಮೇಲೆ ಮಾತ್ರ ಒಂದು ಬರಹ ಬರೆಸಿದ್ದಾರೆ: ಪೋಲು ಮಾಡದಿದ್ದರೆ ಕೊರತೆ ಬಾರದು ಎಂಬರ್ಥದ್ದು. ಇಪ್ಪತ್ತು ಅಲಬಾಸ್ಟರ್ ಕಂಬ ನಿಲ್ಲಿಸಿದ ಯಜಮಾನ, ಈರುಳ್ಳಿ ಹೆಚ್ಚುವವಳಿಗೆ ಹೇಳಿದ ಬುದ್ಧಿಮಾತು ಇದು.

ಬಚ್ಚಿಟ್ಟದ್ದೆಲ್ಲ ಬಚ್ಚಿಟ್ಟಲ್ಲೇ ಇರುತ್ತದೆಯೇ? 1774ರಲ್ಲಿ ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ ಈ ಮನೆ ನೋಡಲು ಬಂದ. ನಿಘಂಟು ಬರೆದ ಆಸಾಮಿ, ಮುಲಾಜಿಲ್ಲದ ಬಾಯಿ. ಮಲಗುವ ಕೋಣೆಗಳು ಕಿರಿದು, ಕತ್ತಲೆ, ಸೆರೆಮನೆಗೆ ಹೇಳಿಸಿದ್ದು ಎಂದು ದಿನಚರಿಯಲ್ಲಿ ಬರೆದುಕೊಂಡ. ಅಡುಗೆಮನೆಯಿಂದ ಒಂದು ಕಿಂಡಿ ಓಣಿಗೆ ತೆರೆದುಕೊಂಡಿದೆ, ಅದರ ಬಿಸಿ ಮತ್ತು ಹೊಗೆವಾಸನೆ ಮನೆಯನ್ನೆಲ್ಲ ಅಡರುತ್ತದೆ ಎಂದೂ ಬರೆದ. ಖರ್ಚು ಕಾಣುತ್ತದೆ, ವಿವೇಕ ಕಾಣುವುದಿಲ್ಲ ಎಂಬುದು ಒಟ್ಟು ತೀರ್ಪು. 1777ರಲ್ಲಿ ಗೆಳೆಯ ಬಾಸ್ವೆಲ್ ಜೊತೆ ಮತ್ತೆ ಬಂದಾಗ ಇನ್ನೂ ಉದಾರನಾದ: ಇದನ್ನು ಊರ ಪುರಭವನ ಮಾಡಿದರೆ ಒಳ್ಳೆಯದು, ಕಂಬದ ಹಾಲ್‌ನಲ್ಲಿ ನ್ಯಾಯಾಧೀಶರು ಕೂರಲಿ, ದುಂಡುಕೋಣೆಯಲ್ಲಿ ಜ್ಯೂರಿ ಕೂರಲಿ, ಮಹಡಿಯ ಕೋಣೆಗಳಲ್ಲಿ ಕೈದಿಗಳನ್ನು ಇಡಬಹುದು ಎಂದು ಸಲಹೆಯಿತ್ತ. ಪಾಪ, ಮನೆ ತೋರಿಸುತ್ತಿದ್ದವರು ಗಾರ್ನೆಟ್ ಎಂಬ ಹಿರಿಯ ಮನೆವಾರ್ತೆಯಮ್ಮ. ಕೈಯಲ್ಲಿ ಮನೆಯ ವಿವರದ ಪುಸ್ತಕ ಹಿಡಿದು ನಿಂತ ಆಕೆಯ ಚಿತ್ರ ಈಗಲೂ ಅಲ್ಲಿದೆ. ಆ ಮನೆಯಲ್ಲಿ ಮುಖ ಮರೆಸದೆ ಕೆಲಸ ಮಾಡಿದ ಒಬ್ಬ ಆಳಾದರೂ ಇದ್ದಳಲ್ಲ ಎಂದು ಸಮಾಧಾನ.

ಉಳಿದೆರಡು ರೆಕ್ಕೆ, ಒಂದರಲ್ಲಿ ಸಂಗೀತಶಾಲೆ ಬರಬೇಕಿತ್ತು, ಬರಲೇ ಇಲ್ಲ. ಸ್ವಂತ ಗೇಣಿಯ ಹಣದಲ್ಲಿ ಕಟ್ಟುವವನ ಹಣೆಬರಹ ಅಷ್ಟೇ, ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ನಾಲ್ಕೂ ರೆಕ್ಕೆ ಪೂರ್ತಿಯಾಗಬೇಕಾದರೆ ಕಂಡವರ ದುಡ್ಡು ಬೇಕು. ಅದಕ್ಕೆ ಸರಿಯಾದ ಜಾಗ ಕಲ್ಕತ್ತ.

1799ನೇ ಇಸವಿ ಕನ್ನಡಿಗರಿಗೆ ಬಾಯಿಪಾಠ. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ, ಊರು ಸೂರೆಯಾಯಿತು. ಈ ಯುದ್ಧ ನಡೆಸಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ಅದೇ ವರ್ಷ ಕಲ್ಕತ್ತದಲ್ಲಿ ತನಗೊಂದು ಮನೆ ಕಟ್ಟಿಸಲು ಶುರುಮಾಡಿದ. ಒಂದು ಕೈಯಲ್ಲಿ ಮೈಸೂರಿನ ನಕಾಶೆ, ಇನ್ನೊಂದರಲ್ಲಿ ಕೆಡಲ್‌ಸ್ಟನ್‌ನ ನಕ್ಷೆ. ಕ್ಯಾಪ್ಟನ್ ಚಾರ್ಲ್ಸ್ ವಯಟ್ ಎಂಬ ಎಂಜಿನಿಯರು ಡರ್ಬಿಶೈರ್‌ನ ಮನೆಯನ್ನು ಹೂಗ್ಲಿ ದಂಡೆಗೆ ಇಳಿಸಿದ. ಮೂಲದಲ್ಲಿ ಎರಡೇ ಇದ್ದ ರೆಕ್ಕೆಗಳು ಇಲ್ಲಿ ನಾಲ್ಕೂ ಎದ್ದುನಿಂತವು. ಕಲ್ಲಿನ ಬದಲು ಇಟ್ಟಿಗೆ, ಮೇಲೆ ಸುಣ್ಣದ ಗಾರೆ, ಆದರೆ ಪೂರ್ತಿ. 1803ರ ಹೊತ್ತಿಗೆ ಗೃಹಪ್ರವೇಶವೂ ಆಯಿತು. ಜಮೀನ್ದಾರನ ತಾಕತ್ತಿಗೆ ಮೀರಿದ್ದು ಜಮೀನ್ದಾರನ ನಕಲುಗಾರನಿಗೆ ಸಲೀಸಾಯಿತು, ಏಕೆಂದರೆ ಬಿಲ್ಲು ಈಸ್ಟ್ ಇಂಡಿಯಾ ಕಂಪನಿಗೆ, ಕಂಪನಿಯ ಬಿಲ್ಲು ಬಂಗಾಳದ ಒಕ್ಕಲಿಗೆ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದನೆಂದು ನಗುತ್ತೇವೆ. ಇಲ್ಲಿ ಅಳಿಯನೂ ಅಲ್ಲ, ದಾನವೂ ಅಲ್ಲ.

ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರು ಲೆಕ್ಕ ನೋಡಿ ಕೆಂಡವಾದರು. ಅವರು ವ್ಯಾಪಾರಿಗಳು. ಗುಮಾಸ್ತೆಯನ್ನು ಅಂಗಡಿ ನೋಡಿಕೋ ಎಂದು ಕಳಿಸಿದರೆ ಅವನು ಗರ್ಭಗುಡಿ ಕಟ್ಟಿಸಿಕೊಂಡು ಒಳಗೆ ಕೂತರೆ ಸಿಟ್ಟು ಬಾರದೆ? ಆಗ ವೆಲ್ಲೆಸ್ಲಿಯ ಪರ ಲಾರ್ಡ್ ವ್ಯಾಲೆಂಶಿಯಾ ಎಂಬ ಪ್ರವಾಸಿ ಮಹಾಶಯ ವಕಾಲತ್ತು ಹಾಕಿದ. ಭಾರತವನ್ನು ಆಳಬೇಕಾದ್ದು ಅರಮನೆಯಿಂದಲೇ ಹೊರತು ಲೆಕ್ಕದ ಕೋಣೆಯಿಂದಲ್ಲ. ರಾಜನ ಮನಸ್ಸಿಟ್ಟು ಆಳಬೇಕು, ಮಲ್‌ಮಲ್ಲು ನೀಲಿ ಮಾರುವ ಚಿಲ್ಲರೆ ವರ್ತಕನ ಮನಸ್ಸಿಟ್ಟಲ್ಲ ಎಂಬುದು ಅವನ ವಾದದ ತಿರುಳು. ಮೆಚ್ಚಬೇಕಾದ ಮಾತು. ಮಲ್‌ಮಲ್ಲು, ನೀಲಿ ಮಾರುತ್ತಿದ್ದದ್ದು ನಿಜ ಎಂದು ಒಪ್ಪಿಕೊಂಡೇ, ಅದು ಕಾಣದ ಹಾಗೆ ಮುಂದೆ ಕಂಬ ನಿಲ್ಲಿಸಿ ಎಂದಂತಾಯಿತು. ಆಡಮ್ ಒಲೆಗೆ ಮಾಡಿದ್ದನ್ನು ವೆಲ್ಲೆಸ್ಲಿ ಅಂಗಡಿಗೆ ಮಾಡಿದ.

ಶ್ರೀರಂಗಪಟ್ಟಣ ಗೆದ್ದದ್ದಕ್ಕೆ ವೆಲ್ಲೆಸ್ಲಿಗೆ ಮಾರ್ಕ್ವಿಸ್ ಪದವಿ ಸಿಕ್ಕಿತು, ಆದರೆ ಐರ್ಲೆಂಡಿನದು. ಇಂಗ್ಲಿಷ್ ಪದವಿಯ ಮುಂದೆ ಅದು ಎರಡನೇ ದರ್ಜೆ. ಅವನು ಹಾಸಿಗೆ ಹಿಡಿಯುವಷ್ಟು ನೊಂದು, ತನಗೆ ಕೊಟ್ಟದ್ದು ಎರಡು ಸಲ ಚಿನ್ನದ ನೀರು ಕುಡಿಸಿದ ಆಲೂಗಡ್ಡೆ ಎಂದು ಹಲುಬಿದ. ಒಂದು ರಾಜ್ಯ ಉರುಳಿಸಿದ್ದಕ್ಕೆ ಆಲೂಗಡ್ಡೆ! ಮೈಸೂರು ಸೀಮೆಯವರಿಗೆ ಈ ಸಂಗತಿಯಿಂದ ಸಿಗುವಷ್ಟು ತೃಪ್ತಿ ಬೇರೆ ಯಾವ ಇತಿಹಾಸ ಪುಸ್ತಕದಿಂದಲೂ ಸಿಗಲಾರದು.

ಕಲ್ಕತ್ತದ ನಕಲಿನಲ್ಲಿ ಬಚ್ಚಿಡುವ ವಿದ್ಯೆ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಯಿತು. ಕೆಡಲ್‌ಸ್ಟನ್‌ನಲ್ಲಿ ಅಡುಗೆಮನೆ ರೆಕ್ಕೆಯಲ್ಲಾದರೂ ಇತ್ತು, ಇಲ್ಲಿ ಮನೆಯೊಳಗೇ ಇರಲಿಲ್ಲ. 1880ರ ದಶಕದಲ್ಲಿ ಅಲ್ಲಿದ್ದ ವೈಸ್‌ರಾಯ್ ಪತ್ನಿ ಲೇಡಿ ಡಫರಿನ್, ಅಡುಗೆಮನೆ ಕಲ್ಕತ್ತದಲ್ಲಿ ಎಲ್ಲೋ ಇದೆಯಂತೆ, ಈ ಮನೆಯಲ್ಲಂತೂ ಇಲ್ಲ ಎಂದು ಬರೆದಳು. ಊಟವನ್ನು ಆಳುಗಳು ಹೊರಗಿನಿಂದ ಹೊತ್ತು ತರುತ್ತಿದ್ದರು. ಅರ್ಧ ಏಷ್ಯಾಕ್ಕೆ ಆಜ್ಞೆ ಹೊರಡುತ್ತಿದ್ದ ಮನೆಯಲ್ಲಿ ಬಿಸಿ ಸೂಪಿಗೆ ಗತಿಯಿರಲಿಲ್ಲ. ಆದರೇನು, ಜಾನ್ಸನ್ ದೂರಿದ ಹೊಗೆವಾಸನೆಯ ಸಮಸ್ಯೆ ಕಡೆಗೂ ಬಗೆಹರಿಯಿತು.

1899ರಲ್ಲಿ ಈ ಮನೆಗೆ ವೈಸ್‌ರಾಯ್ ಆಗಿ ಬಂದವನು ಜಾರ್ಜ್ ನಥಾನಿಯಲ್ ಕರ್ಜನ್. ಹುಟ್ಟಿದ್ದು 1859ರಲ್ಲಿ, ಕೆಡಲ್‌ಸ್ಟನ್‌ನಲ್ಲಿ. ಅಂದರೆ ಮನುಷ್ಯ ತನ್ನ ತೌರುಮನೆಯ ನಕಲಿಗೆ ಬಾಡಿಗೆಯಿಲ್ಲದೆ ಬಂದು ಇಳಿದ. ಕರ್ಜನ್ ಹಿಡಿದದ್ದನ್ನು ಕರ್ಜನ್ನೇ ಹಿಡಿದಿರಲಿ ಎಂಬುದು ಮನೆತನದ ಹಳೆಯ ನುಡಿ. ಬಂಗಾಳವನ್ನೂ ಹಿಡಿದ, ಹಿಡಿತಕ್ಕೆ ದೊಡ್ಡದೆನಿಸಿದಾಗ 1905ರಲ್ಲಿ ಎರಡು ತುಂಡು ಮಾಡಿದ. ತಾಜ್ ಮಹಲಿನ ದುರಸ್ತಿ ಮಾಡಿಸಿದ್ದೂ, 1904ರಲ್ಲಿ ಪ್ರಾಚೀನ ಸ್ಮಾರಕಗಳ ಕಾಯ್ದೆ ತಂದದ್ದೂ ಇದೇ ಕರ್ಜನ್. ಅದನ್ನು ಹೇಳದೆ ಬಿಟ್ಟರೆ ಅನ್ಯಾಯ. ಹಳೆಯ ಕಟ್ಟಡಗಳ ಮೇಲೆ ಅವನಿಗೆ ನಿಜವಾದ ಮಮತೆಯಿತ್ತು. ಅವುಗಳಲ್ಲಿದ್ದ ಜನ ಅಷ್ಟಾಗಿ ಇಷ್ಟವಾದಂತೆ ಕಾಣುವುದಿಲ್ಲ. ಅದೂ ವಂಶಪಾರಂಪರ್ಯವೇ, ಮುತ್ತಜ್ಜನ ಅಪ್ಪ ಸರ್ ನಥಾನಿಯಲ್‌ನ ಕಾಲದಿಂದ ಬಂದದ್ದು.

ವೈಸ್‌ರಾಯ್ ಕರ್ಜನ್ ಪೂರ್ವದೇಶಗಳಲ್ಲಿ ಸಂಗ್ರಹಿಸಿದ್ದು, ಉಡುಗೊರೆಯಾಗಿ ಬಂದದ್ದು, ಕೊಂಡದ್ದು ಎಲ್ಲ ಈಗ ಕೆಡಲ್‌ಸ್ಟನ್‌ನ ಕೆಳ ಅಂತಸ್ತಿನಲ್ಲಿ ವಸ್ತುಸಂಗ್ರಹಾಲಯವಾಗಿದೆ. ಮೇಲೆ ರೋಮು, ಕೆಳಗೆ ಇಂಡಿಯಾ. ಇದಕ್ಕಿಂತ ಪ್ರಾಮಾಣಿಕವಾದ ವಾಸ್ತುವಿನ್ಯಾಸ ಆ ಮನೆಯಲ್ಲಿ ಇನ್ನೊಂದಿಲ್ಲ, ಬಹುಶಃ ಉದ್ದೇಶವಿಲ್ಲದೆ ಆದದ್ದರಿಂದಲೇ. ಲೇಡಿ ಕರ್ಜನ್ 1903ರ ದೆಹಲಿ ದರ್ಬಾರಿನಲ್ಲಿ ತೊಟ್ಟಿದ್ದ ನವಿಲುಗರಿಯ ಉಡುಪು ಆ ಮನೆಯ ಹೆಮ್ಮೆ. ಹೊಲಿಗೆ ಪ್ಯಾರಿಸ್ಸಿನ ವರ್ತ್ ಮಳಿಗೆಯದು, ಮೈತುಂಬಾ ಇರುವ ಜರಿಕಸೂತಿ ಭಾರತದ ಕುಶಲಿಗಳದು. ಒಂದೊಂದು ನವಿಲುಗಣ್ಣಿನ ನಡುವೆ ಮಿರಮಿರ ಮಿನುಗುವ ಹಸಿರು ಚುಕ್ಕಿ. ದೂರದಿಂದ ಪಚ್ಚೆ ಎನ್ನಬೇಕು, ಹತ್ತಿರ ಹೋದರೆ ಜೀರುಂಡೆಯ ರೆಕ್ಕೆ.

1987ರಲ್ಲಿ ಮನೆ, ಹಳೆಯ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆಗೆ ಹೋಯಿತು. ತೆರಿಗೆ ಮತ್ತು ಸೋರುವ ಮಾಡು ಎರಡನ್ನೂ ತಾಳಿಕೊಳ್ಳುವ ಶಕ್ತಿ ಲಾರ್ಡುಗಳಿಗೆ ಉಳಿದಿರಲಿಲ್ಲ. ಮನೆತನದವರು ಈಶಾನ್ಯದ ರೆಕ್ಕೆಯಲ್ಲಿ ಉಳಿದರು, ಉಳಿದದ್ದಕ್ಕೆ ಟಿಕೆಟ್ಟು ಬಂತು. ತೋರಿಸಲಿಕ್ಕೆಂದೇ ಕಟ್ಟಿದ ಮನೆ ಕೊನೆಗೂ ಪೂರ್ಣಾವಧಿ ತೋರಿಸುವ ಕೆಲಸಕ್ಕೆ ಸೇರಿತು.

ಎಲ್ಲ ಸುಸೂತ್ರವಾಗಿತ್ತು. 2020ರ ಸೆಪ್ಟೆಂಬರಿನಲ್ಲಿ ಟ್ರಸ್ಟು ಒಂದು ವರದಿ ಹೊರತಂದಿತು. ತನ್ನ ಸುಪರ್ದಿಯಲ್ಲಿರುವ 93 ಜಾಗಗಳಿಗೆ ವಸಾಹತು ಅಥವಾ ಗುಲಾಮಗಿರಿಯ ನಂಟು ಹೇಗಿತ್ತು ಎಂಬ ವಿವರ ಅದರಲ್ಲಿತ್ತು, ಕೆಡಲ್‌ಸ್ಟನ್ ಕೂಡ ಇತ್ತು. ಹೊಸ ಆರೋಪವೇನೂ ಅಲ್ಲ, ವಿದ್ವಾಂಸರಿಗೆ ಗೊತ್ತಿದ್ದದ್ದೇ. ಆದರೆ ದೇಶವೇ ಹೊತ್ತಿ ಉರಿಯಿತು. ಕಾಮನ್ ಸೆನ್ಸ್ ಎಂದು ತಮ್ಮ ಗುಂಪಿಗೆ ತಾವೇ ಹೆಸರಿಟ್ಟುಕೊಂಡ ಕನ್ಸರ್ವೇಟಿವ್ ಸಂಸದರು ಪತ್ರಿಕೆಗೆ ಕಾಗದ ಬರೆದರು. ಚರ್ಚಿಲ್ ಮನೆಯನ್ನೂ ಪಟ್ಟಿಗೆ ಸೇರಿಸಿದ್ದಾರಲ್ಲ ಎಂಬ ಸಂಕಟ ಬೇರೆ. ಜನ ಬರುವುದು ಗುಲಾಬಿ ನೋಡಿ, ಚಹಾ ಕುಡಿದು, ಕೇಕು ತಿಂದು ಹೋಗಲಿಕ್ಕೆ. ಅವರ ಮುಂದೆ ಇದನ್ನೆಲ್ಲ ಹರವುವುದೇಕೆ ಎಂಬುದು ದೂರಿನ ಧಾಟಿ. ಚಹಾ ಎಲ್ಲಿಯದು, ಕೇಕಿನ ಸಕ್ಕರೆ ಎಲ್ಲಿಯದು ಎಂದು ಕೇಳುವ ದುಷ್ಟಬುದ್ಧಿ ಯಾರಿಗಿದೆ? ದತ್ತಿ ಸಂಸ್ಥೆಗಳ ಮೇಲುಸ್ತುವಾರಿ ನೋಡುವ ಆಯೋಗಕ್ಕೆ ದೂರು ಹೋಯಿತು. 2021ರ ಮಾರ್ಚಿನಲ್ಲಿ ಆಯೋಗ ಟ್ರಸ್ಟು ಕಾನೂನು ಮುರಿದಿಲ್ಲ ಎಂದಿತು. ಊರು ಎತ್ತಂಗಡಿಯಾದಾಗ ಇಲ್ಲದ ಆಯೋಗ, ಹಳೆಯದನ್ನು ನೆನಪಿಸಿದ ವರದಿಗೆ ಇತ್ತು.

ಇತಿಹಾಸದ ಮಾತೆತ್ತಿದರೆ ಮನೆಯ ಅಂದ ಕೆಡುತ್ತದೆ ಎಂಬ ನಂಬಿಕೆ ಎಷ್ಟು ಗಟ್ಟಿ ಎಂಬುದಕ್ಕೆ ಅದೇ 2021ರ ನವೆಂಬರಿನ ಇನ್ನೊಂದು ಕಾಗದವಿದೆ. ಇದು ಬ್ರಿಟಿಷ್ ಸರ್ಕಾರದ್ದೇ. ಟಿಪ್ಪುವಿನ ಸಿಂಹಾಸನವನ್ನು 1799ರಲ್ಲಿ ಸೇನೆಯ ಲೂಟಿ ಹಂಚುವ ಅಧಿಕಾರಿಗಳು ಒಡೆದು ಪಾಲು ಮಾಡಿದ್ದರಷ್ಟೆ. ಅದರ ಸುತ್ತ ಇದ್ದ ಎಂಟು ಚಿನ್ನದ ಹುಲಿಮುಖಗಳಲ್ಲಿ ಒಂದು ಮಾರಾಟವಾಗಿ ದೇಶದಾಚೆ ಹೋಗುವುದರಲ್ಲಿತ್ತು. ಬೆಲೆ 15 ಲಕ್ಷ ಪೌಂಡ್. ಸರ್ಕಾರ ರಫ್ತಿಗೆ ತಾತ್ಕಾಲಿಕ ತಡೆ ಹಾಕಿತು. ಬ್ರಿಟನ್ನಿನ ಚರಿತ್ರೆಗೆ ಸಂಬಂಧಿಸಿದ ಇಂಥ ಅಮೂಲ್ಯ ವಸ್ತು ಕೈತಪ್ಪಬಾರದು, ಇಲ್ಲಿಯವರೇ ಯಾರಾದರೂ ಕೊಂಡು ಇಲ್ಲಿಯೇ ಉಳಿಸಿಕೊಳ್ಳಲಿ ಎಂಬುದು ಕಾರಣ. ಶ್ರೀರಂಗಪಟ್ಟಣ, ಯುದ್ಧ, ಕಂಪನಿ, ಸೂರೆ ಎಲ್ಲವನ್ನೂ ಆ ತಡೆಯ ಸಮರ್ಥನೆಯಲ್ಲಿ ಬಿಚ್ಚುಬಿಚ್ಚಾಗಿ ಹೇಳಲಾಗಿತ್ತು. ಗುಲಾಬಿ ನೋಡಲು ಬಂದವರಿಗೆ ಇದರಿಂದ ಬೇಸರವಾದೀತೇ ಎಂದು ಸರ್ಕಾರ ಯೋಚಿಸಿದಂತೆ ಕಾಣಲಿಲ್ಲ.